ಅರವತ್ತೊಂದನೆಯ ಮುಕ್ತಾಯ

ಜನವರಿ ೯

ಅಕ್ಕ,

ನೀನು ಅನುವಾದಿಸಿದ ಹೊಸ ಕಾದಂಬರಿ ತಲುಪಿತು. ಒಂದಷ್ಟು ಪುಟ ಓದಿದೆ. ಒಬ್ಬ ಮುದುಕ ಕುರ್ಚಿಯಿಂದ ಎದ್ದು ಕಿಟಕಿಯ ಕಡೆ ಹೊರಟಿದ್ದಾನೆ. ಅವನು ಕಿಟಕಿ ಮುಟ್ಟಿದ ಮೇಲೆ ನನ್ನ ಅಭಿಪ್ರಾಯ ಬರೆಯುತ್ತೇನೆ. ಇವತ್ತಿನ ವಿಷಯ ಬೇರೆ.

ವಾಹಿನಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ಚಿಕ್ಕವನಿದ್ದಾಗ ನಿನ್ನ ಟೀವಿ ಸರಣಿ ‘ಒಂಬತ್ತನೆಯ ಕಕ್ಷೆ’ ನೋಡಲು ಮನೆಪಾಠ ತಪ್ಪಿಸುತ್ತಿದ್ದನಂತೆ. ಸರಣಿಯನ್ನು ಮತ್ತೆ ಶುರು ಮಾಡುತ್ತೇನೆ ಎನ್ನುತ್ತಿದ್ದಾನೆ. ಒಂದೇ ಷರತ್ತು, ಮೊದಲ ಕಂತನ್ನು ಮೂಲ ಲೇಖಕಿಯೇ ಬರೆಯಬೇಕು. ಅಂದರೆ ನೀನು. ಏಪ್ರಿಲ್ ಮುಗಿಯುವುದರೊಳಗೆ ಬರೆದುಕೊಡದಿದ್ದರೆ ಆ ಹೊತ್ತನ್ನು ಬೇರೆ ಕಾರ್ಯಕ್ರಮಕ್ಕೆ ಕೊಟ್ಟುಬಿಡುತ್ತಾರೆ.

ಶನಿವಾರ ಅಭಿಮಾನಿ ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಗುರುತ್ವ ಬೆಂಚಿನ ಮೇಲೆ ಹತ್ತಿ ನಿಂತ. ಗುರುತ್ವ ಎಂದರೆ ನೆನಪಿರಬೇಕು, ತೆರಿಗೆ ಕಚೇರಿಯ ಗುಮಾಸ್ತ. ಗುರುತ್ವವೇ ಇಲ್ಲದ ನೌಕೆಯಲ್ಲಿ ಲೋಟದೊಳಗೆ ಚಹಾ ಹೇಗೆ ನಿಂತಿತು ಎಂದು ನಿನಗೆ ಆರು ಪುಟದ ಪತ್ರ ಬರೆದಿದ್ದ. ಅವತ್ತಿನಿಂದ ಅವನಿಗೆ ಅದೇ ಹೆಸರು. ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ತಮ್ಮ ತಾನೇ. ನಾನು ತಲೆಯಾಡಿಸಿದೆ, ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ನೀನು ಒಪ್ಪಿದ್ದೀಯ ಎಂದೇ ಅವರು ತಿಳಿದುಕೊಂಡಿದ್ದಾರೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನನ್ನ ಮಾತು ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ನಿನಗೆ ಗೊತ್ತು. ಕಾಗದದಲ್ಲಿ ನಾನು ತೊದಲುವುದಿಲ್ಲ.

ಕೊನೆಯ ಕಂತಿನಲ್ಲಿ ರೇಡಿಯೋ ಆಪರೇಟರನನ್ನು ನೌಕೆಯ ಹೊರಗೆ ಬಿಟ್ಟು ನೀನು ಬಾಗಿಲು ಹಾಕಿ ಹನ್ನೊಂದು ವರ್ಷವಾಯಿತು. ಆಮೇಲೆ ಅವನಿಗೆ ಏನಾಯಿತು ಎಂದು ಹೇಳು.

ಕನ್ನಡಕದ ಅಂಗಡಿಯಿಂದ,
ತಮ್ಮ


ಜನವರಿ ೨೦

ತಮ್ಮನಿಗೆ,

ತಲೆಯಾಡಿಸುವುದೂ ಮಾತೇ. ನನ್ನ ಪರವಾಗಿ ಆಡಬೇಡ.

ಆ ಬಾಗಿಲಿನ ಬಗ್ಗೆ ನೀವೆಲ್ಲ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೀರಲ್ಲ, ಅದು ಬಾಗಿಲಲ್ಲ. ಬೆಳ್ಳಿಬಣ್ಣ ಬಳಿದ ಪ್ಲೈವುಡ್ ಹಲಗೆ. ಹಿಂದೆ ಒಬ್ಬ ಬಡಗಿ ಕುಕ್ಕರಗಾಲಿನಲ್ಲಿ ಕೂತು ಹಗ್ಗ ಎಳೆಯುತ್ತಿದ್ದ. ಕೊನೆಯ ದೃಶ್ಯದ ದಿನ ಅವನಿಗೆ ಸೀನು ಬಂದು ಬಾಗಿಲು ಎರಡು ಸಲ ಮುಚ್ಚಿತು. ನಿಮ್ಮ ಸಂಘ ಅದಕ್ಕೂ ಒಂದು ಕಾರಣ ಹುಡುಕಿದೆ ಎಂದು ಕೇಳಿದೆ, ನೌಕೆಯ ಒತ್ತಡ ಸರಿಹೊಂದಲು ಎರಡು ಸಲ ಮುಚ್ಚಬೇಕಂತೆ. ನನಗೆ ಬಡಗಿಯ ಮೇಲೆ ಗೌರವವಿದೆ. ಅವನು ಕೊನೆಯ ಪಕ್ಷ ಕ್ಷಮೆ ಕೇಳಿದ.

ನಿಮ್ಮ ಸಭೆಗೆ ಒಮ್ಮೆ ಬಂದಿದ್ದೆ, ನಿನ್ನ ಒತ್ತಾಯಕ್ಕೆ. ಮಕ್ಕಳ ಮದುವೆ ಮಾಡಿ ಮುಗಿಸಿದವರು ಬೂದು ಅಂಗಿ ತೊಟ್ಟು, ಎದೆಯ ಮೇಲೆ ರಟ್ಟಿನ ಬಿಲ್ಲೆ ಚುಚ್ಚಿಕೊಂಡು, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ಮುಖ ಕೆಂಪು ಮಾಡಿಕೊಂಡು ಜಗಳವಾಡುತ್ತಿದ್ದರು. ಒಬ್ಬ ನನ್ನ ಹತ್ತಿರ ಬಂದು ಹದಿನಾಲ್ಕನೆಯ ಕಂತಿನಲ್ಲಿ ನಾನು ಹೇಳಹೊರಟದ್ದು ಏನೆಂದು ನನಗೇ ವಿವರಿಸಿದ. ನಡುವೆ ಒಂದು ಮಾತು ಸೇರಿಸಲು ಹೋದರೆ ಕೈಯೆತ್ತಿ ನನ್ನನ್ನು ತಡೆದ. ಅಂಥವರಿಗಾಗಿ ನಾನು ಮತ್ತೆ ಪೆನ್ನು ಹಿಡಿಯಬೇಕೇ?

ಆಪರೇಟರನಿಗೆ ಏನಾಯಿತು ಎಂದು ಕೇಳಿದ್ದೀಯ. ಆ ನಟನಿಗೆ ಸೋಪಿನ ಜಾಹೀರಾತು ಸಿಕ್ಕಿತು. ಮುಂದಿನ ತಿಂಗಳು ಬರಲಾಗುವುದಿಲ್ಲ ಎಂದ. ಅದಕ್ಕೇ ಅವನನ್ನು ಆಂಟೆನಾ ಸರಿಮಾಡಲು ಹೊರಗೆ ಕಳಿಸಿದೆ. ಅಷ್ಟರಲ್ಲಿ ವಾಹಿನಿಯವರು ಸರಣಿಯನ್ನೇ ನಿಲ್ಲಿಸಿದರು. ಅವನಿಗೆ ಆದದ್ದು ಇಷ್ಟೇ.

ನನ್ನ ಮೇಜಿನ ಮೇಲೆ ಒಳ್ಳೆಯ ಪುಸ್ತಕವೊಂದಿದೆ. ಆ ಮುದುಕ ಕಿಟಕಿಯವರೆಗೆ ಹೋಗಲು ತೆಗೆದುಕೊಳ್ಳುವ ಹೊತ್ತನ್ನು ಸಹಿಸುವ ಓದುಗರೂ ಇದ್ದಾರೆ.

ಬೇರೆ ವಿಷಯವಿದ್ದರೆ ಬರೆ.
ಅಕ್ಕ


ಫೆಬ್ರವರಿ ೧೧

ಅಕ್ಕ,

ಸೋಪಿನ ಜಾಹೀರಾತಿನ ವಿಷಯ ನಮಗೆಲ್ಲ ಗೊತ್ತು. ಅದು ನಮ್ಮ ಕೈಪಿಡಿಯ ಮೂರನೆಯ ಅಧ್ಯಾಯದಲ್ಲಿದೆ. ನಮ್ಮನ್ನು ಪೆದ್ದರೆಂದುಕೊಂಡು ಬರೆಯುವಾಗಲಾದರೂ ಹೊಸದೇನಾದರೂ ಹೇಳು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸರಣಿ ನಿಂತ ವರ್ಷದಿಂದ ನಮ್ಮ ಸದಸ್ಯರು ತಾವೇ ಮುಕ್ತಾಯ ಬರೆದು ಕಳಿಸುತ್ತಾರೆ. ಅದಕ್ಕೊಂದು ಪರೀಕ್ಷಾ ಸಮಿತಿಯಿದೆ, ನಾನು ಅದರ ಮುಖ್ಯಸ್ಥ. ಬರೆದವರ ಹೆಸರು ಹಾಳೆಯ ಮೇಲೆ ಇರಕೂಡದು, ಕ್ರಮಾಂಕ ಮಾತ್ರ. ಸ್ನೇಹ, ಸಂಕೋಚ ನಡುವೆ ಬರಬಾರದೆಂದು. ಸರಣಿಗೆ ಒಪ್ಪುವಂಥದ್ದು ಸಿಕ್ಕರೆ ಅದನ್ನೇ ನಿಜವಾದ ಮುಕ್ತಾಯವೆಂದು ಒಪ್ಪಿಕೊಂಡು ಸಂಘ ಮುಚ್ಚಬೇಕೆಂಬ ನಿಯಮವೂ ಇದೆ. ಈವರೆಗೆ ಬಂದ ಅರವತ್ತನ್ನೂ ನಾನು ತಿರಸ್ಕರಿಸಿದ್ದೇನೆ. ಸಂಘ ಉಳಿಯಲೆಂದು ಹಾಗೆ ಮಾಡುತ್ತಾನೆ ಎಂದು ಗುರುತ್ವ ಹಿಂದಿನಿಂದ ಆಡಿಕೊಳ್ಳುತ್ತಾನೆ. ಅಲ್ಲ. ಅವು ಸುಳ್ಳಾಗಿದ್ದವು, ಅದಕ್ಕೆ.

ಈಗ ನನ್ನ ಪ್ರಶ್ನೆ. ಒಮ್ಮೆಯೂ ಕೇಳಿರಲಿಲ್ಲ, ಈಗ ಕೇಳುತ್ತೇನೆ. ಕೊನೆಯ ದೃಶ್ಯದಲ್ಲಿ ಕ್ಯಾಪ್ಟನ್ ಬಾಗಿಲು ಮುಚ್ಚುವ ಮೊದಲು ರೇಡಿಯೋದಲ್ಲಿ ಕೇಳುತ್ತಾಳೆ, “ಹೊರಗೆ ಯಾರಾದರೂ ಇದೀರಾ?” ಆಪರೇಟರ್ ಬಾಗಿಲಿನಿಂದ ಒಂದು ಮಾರು ದೂರದಲ್ಲಿದ್ದಾನೆ. ರೇಡಿಯೋ ಸರಿಯಾಗಿದೆ. ‘ನಾನಿದ್ದೇನೆ’ ಎಂದರೆ ಸಾಕು. ಅವನು ‘ನಾ’ ಎನ್ನುತ್ತಾನೆ, ಮತ್ತೆ ‘ನಾ’ ಎನ್ನುತ್ತಾನೆ. ಅಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ನಟ ಸೋಪು ಮಾರಲು ಹೋದದ್ದಕ್ಕೆ ಅವನನ್ನು ಹೊರಗೆ ಕಳಿಸಿದೆ, ಸರಿ. ತೊದಲಿದ್ದು ಯಾಕೆ? ಆ ನಟ ತೊದಲುತ್ತಿರಲಿಲ್ಲ. ಗಲ್ಲ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ತೊದಲುವುದನ್ನು ಅವನಿಗೆ ಯಾರು ಹೇಳಿಕೊಟ್ಟರು?

ಮರುದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ, “ಏನ್ರೀ, ಟೀವಿಲಿ ನಿಮ್ಮನ್ನ ಹೊರಗೇ ಬಿಟ್ಟುಬಿಟ್ರಲ್ಲ” ಎಂದು ನಕ್ಕ. ಅವನ ಕನ್ನಡಕದ ತಿರುಪು ಬಿಗಿ ಮಾಡಿ ಕೊಟ್ಟು ಕಳಿಸಿದೆ.

ಅವನು ಬದುಕಿದನೋ ಸತ್ತನೋ ಎಂದು ಮಿಕ್ಕವರು ಕೇಳುತ್ತಾರೆ. ನನಗೆ ಬೇಕಾದದ್ದು ಬೇರೆ. ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಲಾಗದವನಿಗೆ ಮುಂದೆ ಏನಾಗುತ್ತದೆಂದು ನೀನು ತಿಳಿದಿದ್ದೀಯ? ಅದು ನಿನಗಲ್ಲದೆ ಇನ್ನಾರಿಗೂ ಗೊತ್ತಿಲ್ಲ.

ಉತ್ತರ ಬರೆ.
ತಮ್ಮ


ಮಾರ್ಚ್ ೧೭

ತಮ್ಮನಿಗೆ,

ನಿನ್ನ ಮ್ಯಾನೇಜರ್ ಮನೆಗೇ ಬಂದಿದ್ದ. ಹೊಳೆಯುವ ಬೂಟು, ಮುಖದ ತುಂಬ ಉತ್ಸಾಹ. ಕಪಾಟಿನ ಮುಂದೆ ನಿಂತು, “ಇಷ್ಟೂ ಓದಿದೀರಾ, ಮೇಡಂ?” ಎಂದು ಕೇಳಿದ. ಇಲ್ಲ, ಕೆಲವನ್ನು ಬೆಂಚು ಕುಂಟದಂತೆ ಕೆಳಗಿಡಲು ಇಟ್ಟುಕೊಂಡಿದ್ದೇನೆ ಎಂದೆ. ಬರೆದುಕೊಂಡ.

ವೀಕ್ಷಕರಿಗೆ ಈಗ ಏನು ಬೇಕು ಎಂಬುದರ ಬಗ್ಗೆ ಅವನಿಗೆ ಬಹಳ ತಿಳಿವಳಿಕೆಯಿದೆ. ಅವರಿಗೆ ಸಮಾಧಾನ ಬೇಕಂತೆ. ಆಪರೇಟರ್ ಒಳಗೆ ಬರಬೇಕು, ಎಲ್ಲರೂ ಅಪ್ಪಿಕೊಳ್ಳಬೇಕು, ಹಿನ್ನೆಲೆಯಲ್ಲಿ ಪಿಟೀಲು. ಅತ್ತರೆ ಇನ್ನೂ ಒಳ್ಳೆಯದು. ಯಾರು ಅಳಬೇಕು ಎಂದು ಕೇಳಿದೆ. ಯಾರಾದರೂ ಆದೀತು ಎಂದ.

ನಿಮ್ಮ ಸಂಘದವರ ಪರಾಕ್ರಮವನ್ನೂ ಅವನೇ ಹೇಳಿದ. ಬಾಗಿಲು ತೆರೆಯಿರಿ ಎಂಬ ಬೇಡಿಕೆಯ ಗುರುತಾಗಿ ನೀವೆಲ್ಲ ವಾಹಿನಿಯ ಕಚೇರಿಗೆ ಬಾಗಿಲ ಹಿಡಿಕೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದೀರಂತಲ್ಲ. ಹಿತ್ತಾಳೆಯವು, ಕಬ್ಬಿಣದವು, ಬಚ್ಚಲುಮನೆಯಿಂದ ಕಿತ್ತವು. ಕಾವಲುಗಾರ ಅವನ್ನೆಲ್ಲ ಗುಜರಿಗೆ ಹಾಕುತ್ತಾನೆ. ಗುಜರಿಯವನು ತೊಳೆದು ಮತ್ತೆ ನಿಮಗೇ ಮಾರುತ್ತಾನೆ. ಒಂದೇ ಹಿಡಿಕೆ ನಾಲ್ಕು ಸಲ ಬಂದದ್ದೂ ಉಂಟಂತೆ. ನಿಮ್ಮ ಹೋರಾಟದಿಂದ ಗುಜರಿಯವನ ಮನೆಗೆ ಮಹಡಿ ಎದ್ದಿದೆ.

ಇಂಥ ಜನರ ನಡುವೆ ಹನ್ನೊಂದು ವರ್ಷ ಕೂತಿದ್ದೀಯಲ್ಲ, ಅದಕ್ಕೆ ನಿನ್ನ ಮೇಲೆ ಸಿಟ್ಟು ನನಗೆ. ನೀನು ಅವರಷ್ಟು ದಡ್ಡನಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಕಥೆಯಲ್ಲಿ ಬರುವವರಿಗೂ ಮನೆಯವರಿಗೂ ನಂಟು ಹಚ್ಚುವುದು ಓದಲು ಬಾರದವರ ಅಭ್ಯಾಸ.

ಬಂದವನಿಗೆ ಯೋಚಿಸುತ್ತೇನೆ ಎಂದು ಹೇಳಿ ಕಳಿಸಿದೆ. ಚಹಾ ಮುಗಿಸಿದರೂ ಏಳುತ್ತಿರಲಿಲ್ಲ, ಅದಕ್ಕೆ.

ಅಕ್ಕ


ಏಪ್ರಿಲ್ ೨

ಅಕ್ಕ,

ಹಿಡಿಕೆ ಕಳಿಸಿದವರಲ್ಲಿ ನಾನಿಲ್ಲ. ತಿಳಿದಿರಲಿ.

ಸಭೆಯಲ್ಲಿ ಈಗ ನಿಲ್ಲಲು ಜಾಗವಿರುವುದಿಲ್ಲ. ಕಾಲು ಮುರಿದವರು, ರಜೆ ಸಿಗದವರು, ಸಂಘ ಬಿಟ್ಟು ಹೋಗಿದ್ದವರು ಎಲ್ಲ ಬರುತ್ತಿದ್ದಾರೆ. ನಿನ್ನಿಂದ ಸುದ್ದಿ ಬಂತೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನನ್ನು ನೋಡುತ್ತಾರೆ. ಹೌದೋ ಅಲ್ಲವೋ, ಇಷ್ಟು ತಿಳಿಸು. ಅಲ್ಲ ಎಂದಾದರೆ ನಾನೇ ಎದ್ದು ನಿಂತು ಹೇಳುತ್ತೇನೆ.

ಇನ್ನೊಂದು ಮಾತು, ಇದು ಅಂಗಡಿಯವನ ಮಾತು. ನಿನ್ನ ಅಕ್ಷರಗಳು ಸಾಲಿನ ಕೊನೆಗೆ ಬಂದಾಗ ಮೇಲಕ್ಕೆ ಹತ್ತುತ್ತಿವೆ. ಬಲಗಣ್ಣಿನ ಗಾಜು ಬದಲಿಸುವ ಹೊತ್ತಾಗಿದೆ.

ತಮ್ಮ


ಏಪ್ರಿಲ್ ೧೪
‘ಒಂಬತ್ತನೆಯ ಕಕ್ಷೆ’ ಅಭಿಮಾನಿ ಸಂಘ, ಪರೀಕ್ಷಾ ಸಮಿತಿ

ಕ್ರಮಾಂಕ ಅರವತ್ತೊಂದರವರಿಗೆ,

ತಾವು ಬೆರಳಚ್ಚು ಮಾಡಿ ಕಳಿಸಿದ ಮುಕ್ತಾಯವನ್ನು ಸಮಿತಿಯ ನಾಲ್ವರೂ ಓದಿದೆವು. ಒಪ್ಪಲಾಗದ್ದಕ್ಕೆ ವಿಷಾದಿಸುತ್ತೇವೆ. ಕಾರಣಗಳು ಹೀಗಿವೆ.

ನೌಕೆಯ ಬಾಗಿಲು ಒಳಕ್ಕೆ ತೆರೆಯುತ್ತದೆ. ತಾವು ಹೊರಕ್ಕೆ ತೆರೆಸಿದ್ದೀರಿ. ಕ್ಯಾಪ್ಟನ್ ಇಪ್ಪತ್ತಾರು ಕಂತುಗಳಲ್ಲಿ ಒಮ್ಮೆಯೂ ಅಳುವುದಿಲ್ಲ. ತಾವು ಮೂರು ಪುಟಗಳಲ್ಲಿ ಎರಡು ಸಲ ಅಳಿಸಿದ್ದೀರಿ. ಈ ಎರಡು ಆಕ್ಷೇಪಣೆಗಳು ಸಹಸದಸ್ಯರಾದ ಗುರುತ್ವ ಅವರವು. ತಮ್ಮ ಭಾಷೆ ಚೆನ್ನಾಗಿದೆ, ಆದರೆ ತಮಗೆ ಸರಣಿಯ ಪರಿಚಯ ಸಾಲದು ಎಂದು ಅವರು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ನನ್ನ ಆಕ್ಷೇಪಣೆ ಬೇರೆ. ತಮ್ಮ ಮುಕ್ತಾಯದಲ್ಲಿ ಆಪರೇಟರ್ ಒಳಗೆ ಬಂದು, ಎಲ್ಲರ ನಡುವೆ ನಿಂತು, ಒಂದೂವರೆ ಪುಟ ಒಮ್ಮೆಯೂ ತೊದಲದೆ ಮಾತಾಡುತ್ತಾನೆ. ಹೊರಗೆ ಒಂಟಿಯಾಗಿದ್ದಾಗ ಅವನ ನಾಲಿಗೆ ಸರಿಹೋಯಿತಂತೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬರೆದವರಿಗೆ ಅವನ ಮೇಲೆ ಕನಿಕರವಿದೆ ಎಂದು ತಿಳಿಯುತ್ತದೆ. ಅವನನ್ನು ಒಳಗೆ ಬಿಡಬೇಕಾದರೆ ಮೊದಲು ರಿಪೇರಿ ಮಾಡಬೇಕು ಎಂಬ ಕನಿಕರ ಅದು. ಮೂಲ ಲೇಖಕಿ ಅವನಿಗೆ ಕ್ರೂರಿಯಾಗಿದ್ದಳು. ಕನಿಕರವನ್ನಂತೂ ತೋರಿಸಿದವಳಲ್ಲ. ಆದ್ದರಿಂದ ಇದು ಆಕೆಯ ಸರಣಿಯ ಮುಕ್ತಾಯವಾಗಲಾರದು.

ಪ್ರಯತ್ನಕ್ಕೆ ವಂದನೆಗಳು.
ಮುಖ್ಯಸ್ಥ, ಪರೀಕ್ಷಾ ಸಮಿತಿ


ಏಪ್ರಿಲ್ ೧೮

ತಮ್ಮನಿಗೆ,

ಕ್ರಮಾಂಕ ಅರವತ್ತೊಂದು ನಾನು. ನನ್ನ ಅಕ್ಷರ ನಿನಗೆ ಗುರುತು ಸಿಗಬಾರದೆಂದು ಬೆರಳಚ್ಚು ಮಾಡಿದೆ. ಎದುರುಮನೆಯವರ ವಿಳಾಸ ಕೊಟ್ಟು ಕಳಿಸಿದೆ.

ನಿಮ್ಮನ್ನು ಪರೀಕ್ಷೆ ಮಾಡಬೇಕೆನಿಸಿತು. ಎರಡು ಸಂಜೆ ಕೂತು ಮ್ಯಾನೇಜರ್ ಹೇಳಿದ್ದನ್ನೆಲ್ಲ ಹಾಕಿ ಬರೆದೆ. ಅಪ್ಪುಗೆ, ಅಳು, ಪಿಟೀಲು, ಎಲ್ಲ. ಒಂದು ಪ್ರತಿ ಅವನಿಗೆ, ಒಂದು ನಿಮ್ಮ ಸಮಿತಿಗೆ. ನೀವು ಹಾಡಿ ಹೊಗಳುತ್ತೀರಿ, ಆಮೇಲೆ ಒಬ್ಬಳೇ ಕೂತು ನಗಬಹುದು ಎಂದುಕೊಂಡಿದ್ದೆ. ಹನ್ನೊಂದು ವರ್ಷ ನನ್ನ ಬೆನ್ನು ಹತ್ತಿ ಬೇಡಿದ ಸಂಘ, ಬರೆದುಕೊಟ್ಟ ಮೇಲೆ ಸರಣಿಯ ಪರಿಚಯ ಸಾಲದು ಎಂದು ನನ್ನನ್ನೇ ಫೇಲು ಮಾಡಿತು. ಗುರುತ್ವನ ಕೆಂಪು ಶಾಯಿಗೆ ನಿಜವಾಗಿ ನಕ್ಕೆ.

ನಿನ್ನ ಆಕ್ಷೇಪಣೆಗೆ ನಗಲಿಲ್ಲ.

ಮ್ಯಾನೇಜರನಿಗೆ ಮಾತ್ರ ಬಹಳ ಹಿಡಿಸಿದೆ. ಅದರಲ್ಲೂ ಆ ಒಂದೂವರೆ ಪುಟದ ಭಾಷಣ. ಓದುತ್ತ ಕಚೇರಿಯಲ್ಲೇ ಅತ್ತನಂತೆ. ಒಪ್ಪಂದದ ಕಾಗದ ನನ್ನ ಮೇಜಿನ ಮೇಲಿದೆ, ಸಹಿ ಹಾಕಿಲ್ಲ. ಹಾಕಿದರೆ ನಿನ್ನವರಿಗೆ ಸರಣಿ ಸಿಗುತ್ತದೆ, ಆ ಭಾಷಣದ ಜೊತೆಗೆ. ಅದನ್ನು ತೆಗೆದರೆ ಅವನು ಒಪ್ಪುವುದಿಲ್ಲ, ಕೇಳಿ ನೋಡಿದೆ. ಬೇರೊಂದು ಬರೆಯೋಣವೆಂದು ಎರಡು ದಿನ ಕೂತೆ. ಬರಲಿಲ್ಲ.

ತಿರಸ್ಕರಿಸಿದವನು ನೀನು. ನಿನಗೆ ಬೇಡವಾದದ್ದನ್ನು ನಾನು ಕೊಡುವುದಿಲ್ಲ. ನಿನ್ನ ಸಂಘದವರಿಗೆ ಬೇಕಾದದ್ದನ್ನು, ನೀನು ಅವರನ್ನು ಕೇಳದೆ, ನಾನು ಹರಿದುಹಾಕುವುದೂ ಇಲ್ಲ. ಶನಿವಾರ ಸಭೆಯಿದೆಯಲ್ಲ. ಬರೆದವಳು ನಾನೆಂದು ಅವರಿಗೆ ಹೇಳು. ನಿನಗೇನು ಅನ್ನಿಸಿತೋ ಅದನ್ನೂ ಹೇಳು. ಈ ಸಲ ತಲೆಯಾಡಿಸಬೇಡ.

ಅಕ್ಕ


ಏಪ್ರಿಲ್ ೨೬

ಅಕ್ಕ,

ಹೇಳಿದೆ.

ಮೊದಲು ಅರವತ್ತೊಂದನ್ನು ಬರೆದವಳು ನೀನೆಂದು ಒಂದು ಚೀಟಿಯಲ್ಲಿ ಬರೆದು ಅಧ್ಯಕ್ಷರಿಗೆ ಕೊಟ್ಟೆ. ಅವರು ಓದಿದರು. ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು, ನಿನ್ನ ಇಷ್ಟದ ದೃಶ್ಯ. ಗುರುತ್ವ ಎದ್ದು ಅದೇ ಹಾಳೆಗಳನ್ನು ಗದ್ಗದಿತನಾಗಿ ಓದಿದ. ತನ್ನದೇ ಕೆಂಪು ಗೆರೆಗಳನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಓದಿದ. ಓದಿ ಮುಗಿಯುವಷ್ಟರಲ್ಲಿ ಬಾಗಿಲು ಹೊರಕ್ಕೆ ತೆರೆಯುವುದು ಎಂಥ ಆಳವಾದ ಯೋಚನೆ ಎಂದು ಇಬ್ಬರು ವಿವರಿಸಿಯಾಗಿತ್ತು. ಕೈಪಿಡಿಯನ್ನು ತಿದ್ದಲು ಅಲ್ಲೇ ಮೂವರ ಉಪಸಮಿತಿಯಾಯಿತು. ಕ್ಯಾಪ್ಟನ್ ಮೊದಲಿನಿಂದಲೂ ಒಳಗೊಳಗೇ ಅಳುತ್ತಿದ್ದಳು ಎಂದು ದಾದಿಯೊಬ್ಬಳು ಕಂಡುಹಿಡಿದಳು. ಇವರ ಜೊತೆ ನಾನು ಇಷ್ಟು ವರ್ಷ ಕೂತಿದ್ದೆ. ನೀನು ಅವರ ಬಗ್ಗೆ ಬರೆದದ್ದು ಕಡಿಮೆಯೇ ಆಯಿತು.

ಆಮೇಲೆ ನಾನು ಎದ್ದು ನಿಂತೆ. ಇಷ್ಟು ವರ್ಷದಲ್ಲಿ ಅಲ್ಲಿ ನಾನು ಎದ್ದು ಮಾತಾಡಿದ್ದಿಲ್ಲ. ಎಲ್ಲವನ್ನೂ ಬರೆದೇ ಕೊಡುತ್ತಿದ್ದೆ. ಇದು ಸುಳ್ಳು, ಅವನು ಹೀಗೆ ಮಾತಾಡುವುದಿಲ್ಲ ಎಂದು ಹೇಳಬೇಕಿತ್ತು. ‘ಸು’ ಎಂಬಲ್ಲೇ ನಿಂತುಬಿಟ್ಟೆ. ಮುಂದಿನ ಸಾಲಿನಲ್ಲಿ ಒಬ್ಬ ಗಡಿಯಾರ ನೋಡಿಕೊಂಡ. ಇನ್ನೊಬ್ಬ ನೆಲ ನೋಡಿದ. ಗುರುತ್ವ ನನ್ನ ಹೆಗಲ ಮೇಲೆ ಕೈಯಿಟ್ಟು, ಒಳ್ಳೆಯ ಮನಸ್ಸಿನಿಂದಲೇ, “ಸುಂದರವಾಗಿದೆ ಅಂತಿದಾರೆ, ಕೂತ್ಕೊಳಿ ಕೂತ್ಕೊಳಿ” ಎಂದು ನನ್ನ ಮಾತನ್ನು ತಾನೇ ಮುಗಿಸಿದ. ಚಪ್ಪಾಳೆ ಬಿತ್ತು.

ನಾನು ಕೂರಲಿಲ್ಲ. ಅವನ ಕೈ ತೆಗೆದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಆದರೆ ಕೊನೆಯವರೆಗೂ ಹೇಳಿದೆ. ಇಲ್ಲಿ ಸಲೀಸಾಗಿ ಬರೆಯುತ್ತಿದ್ದೇನೆ, ಅಲ್ಲಿ ಹೀಗೆ ಬರಲಿಲ್ಲ: “ಸುಳ್ಳು ಅಂದೆ. ಅವನು ಹಾಗೆ ಮಾತಾಡಲ್ಲ. ಹೀಗೆ ಮಾತಾಡ್ತಾನೆ, ನನ್ನ ಹಾಗೆ. ಅವನಿಗೋಸ್ಕರ ಹನ್ನೊಂದು ವರ್ಷ ಕಾದಿದೀರಿ, ನನಗೋಸ್ಕರ ಎರಡು ನಿಮಿಷ ಕಾಯೋಕಾಗಲ್ವಾ?”

ಯಾರೂ ನಗಲಿಲ್ಲ, ಅಷ್ಟು ಹೇಳಬೇಕು. ಆಮೇಲೆ ಅಧ್ಯಕ್ಷರು ಮತಕ್ಕೆ ಹಾಕಿದರು. ನನ್ನದೊಂದು ಬಿಟ್ಟು ಎಲ್ಲ ಕೈಗಳೂ ಸರಣಿಯ ಪರವಾಗಿ ಮೇಲೆದ್ದವು. ಹೊರಗೆ ಬರುವಾಗ ಗುರುತ್ವ ನನ್ನನ್ನು ತಡೆದು, ಸ್ವಂತ ವಿಷಯವನ್ನು ಸರಣಿಗೆ ಬೆರೆಸಬಾರದಿತ್ತು ಎಂದ. ಪರೀಕ್ಷಾ ಸಮಿತಿಯ ಮೊಹರು ನನ್ನ ಜೇಬಿನಲ್ಲೇ ಇತ್ತು. ಅವನ ಕೈಗೆ ಕೊಟ್ಟು ಬಂದೆ. ಇನ್ನು ಹೋಗುವುದಿಲ್ಲ.

ಅವರ ಅಭಿಪ್ರಾಯ ತಿಳಿಸಿದ್ದೇನೆ, ನನ್ನದೂ ತಿಳಿಸಿದ್ದೇನೆ. ಅವರು ತುಂಬ ಜನ, ನಾನು ಒಬ್ಬ. ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಹಾಕಿದರೂ ನಾನು ಮುನಿಸಿಕೊಳ್ಳುವುದಿಲ್ಲ. ನೋಡುವುದಿಲ್ಲ, ಅಷ್ಟೇ.

ತಮ್ಮ


ಏಪ್ರಿಲ್ ೩೦

ತಮ್ಮನಿಗೆ,

ಬೆಳಿಗ್ಗೆ ವಾಹಿನಿಯ ಕಚೇರಿಗೆ ಹೋಗಿ ಕಾಗದಗಳನ್ನು ಸಹಿಯಿಲ್ಲದೆ ವಾಪಸು ಕೊಟ್ಟೆ. ಅವರ ಬಳಿಯಿದ್ದ ಪ್ರತಿಯನ್ನೂ ಕೇಳಿ ತೆಗೆದುಕೊಂಡೆ. ಆ ಹೊತ್ತನ್ನು ಮಧ್ಯಾಹ್ನವೇ ಒಂದು ಹಾಡಿನ ಸ್ಪರ್ಧೆಗೆ ಕೊಟ್ಟರಂತೆ. ನಿನ್ನ ಸಂಘದವರು ಇನ್ನು ನನಗೆ ಶಾಪ ಹಾಕುತ್ತಾರೆ. ಹಾಕಲಿ, ಆರು ಪುಟಕ್ಕೆ ಕಡಿಮೆಯಿಲ್ಲದಂತೆ ಬರೆದು ಹಾಕುತ್ತಾರೆ.

ಆಪರೇಟರನಿಗೆ ಮುಂದೆ ಏನಾಗುತ್ತದೆಂದು ನೀನು ಕೇಳಿದ್ದೆ. ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬಾಗಿಲು ಮುಚ್ಚಿದ್ದೆ. ಶನಿವಾರ ಏನಾಯಿತೋ ಅದೇ ಆಗುತ್ತದೆ. ಅದಕ್ಕಿಂತ ಸರಿಯಾಗಿ ನನಗೆ ಬರೆಯಲು ಬರುವುದಿಲ್ಲ, ಬರೆಯುವುದೂ ಇಲ್ಲ. ಅದು ನಿನ್ನದು.

ಮ್ಯಾನೇಜರ್ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ಯಾಕೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಿ, ಯಾರಾದರೂ ಏನಾದರೂ ಅಂದರೇ ಎಂದು ಕೇಳಿದ. ಒಬ್ಬ ವೀಕ್ಷಕ ಒಪ್ಪಲಿಲ್ಲ ಎಂದೆ. ಅವನಿಗೆ ಉಸಿರು ಬಂದಂತಾಯಿತು.

“ಅಯ್ಯೋ ಮೇಡಂ, ಒಬ್ಬರೇ ತಾನೇ?” ಎಂದ.

“ಒಬ್ಬನೇ,” ಎಂದೆ. “ಉಳಿದವರು ಯಾರೂ ನೋಡಿಲ್ಲ.”

ಅಕ್ಕ